6013 ವೆಲ್ಡಿಂಗ್ ರಾಡ್ ಕೋಟಿಂಗ್ ಒಂದು ಕಡೆ ದಪ್ಪ ಒಂದು ಕಡೆ ತೆಳು, ಬ್ಯಾಚ್ ವಾಪಸ್ ತಗೊಳ್ಳಿ

ಕಸ್ಟಮರ್ ಕೇರ್‌ನವರಿಗೆ ನಮಸ್ಕಾರ,

ನಮ್ದು ತುಮಕೂರು ಅಂತರಸನಹಳ್ಳಿ ಕಡೆ ಫ್ಯಾಬ್ರಿಕೇಶನ್ ಶಾಪು, ಗೇಟು, ಶೆಡ್ಡು, ಟ್ರ್ಯಾಕ್ಟರ್ ಟ್ರೇಲರ್ ಕೆಲಸ ಮಾಡ್ತೀವಿ. ನಿಮ್ಮ 6013 ರಾಡು, 10 ಗೇಜ್, ಅಂದ್ರೆ 3.15 ಎಂಎಂದು, ಡೀಲರ್ ಹತ್ರ ಬಾಕ್ಸ್‌ಗಟ್ಲೆ ತಗೊಂಡ್ವಿ. ತಂತಿ ಮೇಲಿನ ಕೋಟಿಂಗ್ ಸರಿಯಾಗಿ ಕೂತಿಲ್ಲ ಅಂತ ಫೋನ್ ಮಾಡಿದ್ರೆ ನಿಮ್ಮವರು, ತೇವ ಆಗಿರತ್ತೆ ಒಣಗಿಸಿ ಹೊಡೀರಿ ಅಂತ ಹೇಳಿ ಇಟ್ಟೇಬಿಟ್ರು.

ತೇವ ಅಲ್ಲ ಸಾರ್ ಇದು. ತೇವ ಆದ್ರೆ ಚಟಪಟ ಸಿಡಿಯತ್ತೆ, ಬೀಡಲ್ಲಿ, ಅಂದ್ರೆ ವೆಲ್ಡಿಂಗ್ ಗೆರೆಯಲ್ಲಿ, ಸಣ್ಣ ಸಣ್ಣ ತೂತು ಬೀಳತ್ತೆ. ಇಲ್ಲಿ ರಾಡ್ ತುದಿ ಓರೆಯಾಗಿ ಉರೀತಿದೆ, ತೆಳು ಕಡೆ ಕೋಟಿಂಗ್ ಬೇಗ ಹೋಗಿ ಒಳಗಿನ ತಂತಿ ಬಯಲಾಗತ್ತೆ, ದಪ್ಪ ಕಡೆದು ಉಗುರಿನ ತರ ಮುಂದೆ ಚಾಚ್ಕೊಂಡು ನಿಲ್ಲತ್ತೆ, ಆರ್ಕ್, ಅಂದ್ರೆ ತುದಿಯಲ್ಲಿ ಉರಿಯೋ ಕಿಡಿ, ತೆಳು ಕಡೆಗೇ ಎಳ್ಕೊಂಡು ಹೋಗತ್ತೆ. 110 ಆಂಪ್ಸ್ ಇಟ್ಟಿದ್ವಿ, ಅರ್ತ್ ಜಾಗ ಬದಲಾಯಿಸಿದ್ವಿ, ಏನೂ ಪ್ರಯೋಜನ ಇಲ್ಲ. ಅದೇ ರಾಡನ್ನ ಹೋಲ್ಡರ್‌ನಲ್ಲಿ ಅರ್ಧ ಸುತ್ತು ತಿರುಗಿಸಿ ಹಿಡಿದ್ರೆ ಆರ್ಕೂ ಆ ಕಡೆಗೆ ತಿರುಗ್ತು. ಮೆಷಿನ್ದೋ ಅರ್ತ್ದೋ ದೋಷ ಆಗಿದ್ರೆ ರಾಡ್ ಜೊತೆ ಯಾಕೆ ತಿರುಗತ್ತೆ ಹೇಳಿ? ಕೋಟಿಂಗ್ ಉಜ್ಜಿ ತೆಗೆದು ವರ್ನಿಯರ್ ಇಟ್ಟು ನೋಡಿದ್ರೆ ಒಂದು ಕಡೆ 0.8 ಎಂಎಂ, ಎದುರು ಕಡೆ 1.4.

ಕೋಟಿಂಗ್ ಉರಿದು ಬರೋ ಗ್ಯಾಸೇ ಕರಗಿದ ಕಬ್ಬಿಣಕ್ಕೆ ಗಾಳಿ ತಾಗದ ಹಾಗೆ ಮುಚ್ಚೋದು, ಅದೇ ಕರಗಿ ಸ್ಲ್ಯಾಗ್, ಅಂದ್ರೆ ಕಿಟ್ಟ, ಆಗಿ ಬೀಡ್ ಮೇಲೆ ಕೂರೋದು, ಅದರಲ್ಲಿರೋ ಪೊಟ್ಯಾಶಿಯಂನಿಂದ ಎಸಿ ಕರೆಂಟಿನ ವೆಲ್ಡಿಂಗ್ ಮೆಷಿನ್‌ನಲ್ಲೂ ಆರ್ಕ್ ಆರದೆ ನಿಲ್ಲೋದು. ಅದೇ ಓರೆಯಾದ್ರೆ ಸ್ಲ್ಯಾಗ್ ಮೇಲೆ ಬರದೆ ಒಳಗೇ ಸಿಕ್ಕಾಕೊಳತ್ತೆ. ತಿಪಟೂರು ಕಡೆ ಪಾರ್ಟಿಗೆ ಮಾಡ್ತಿದ್ದ ಟ್ರೇಲರ್‌ದು ಹುಕ್ಕಿನ ಜಾಯಿಂಟ್ ಗ್ರೈಂಡ್ ಮಾಡಿದಾಗ ಬೀಡ್ ಒಳಗೆ ಉದ್ದಕ್ಕೂ ಕಪ್ಪು ಗೆರೆ ಇತ್ತು, ಮೇಲಿಂದ ನೋಡಿದ್ರೆ ಚೆನ್ನಾಗೇ ಕಾಣ್ತಿತ್ತು. ಲೋಡ್ ಹಾಕ್ಕೊಂಡು ಹೋಗ್ವಾಗ ಅದು ಕಳಚ್ಕೊಂಡ್ರೆ ಹಿಂದೆ ಬೈಕಲ್ಲಿ ಬರೋರ ಗತಿ ಏನು? ಪೂರ್ತಿ ಕೊರೆದು ತೆಗೆದು ಬೇರೆ ರಾಡಲ್ಲಿ ಮತ್ತೆ ಹೊಡೆದ್ವಿ, ಆ ಕೂಲಿ, ಗ್ರೈಂಡಿಂಗ್ ವೀಲ್ ಎಲ್ಲಾ ನಮ್ಮ ತಲೆ ಮೇಲೆ.

ಪ್ಯಾಕೆಟ್ ಮೇಲೆ ಐಎಸ್ 814, ಅಂದ್ರೆ ವೆಲ್ಡಿಂಗ್ ರಾಡಿನ ಭಾರತೀಯ ಸ್ಟ್ಯಾಂಡರ್ಡ್, ಅಂತ ಹಾಕಿದ್ದೀರ, ಹಾಗಿದ್ಮೇಲೆ ಕೋಟಿಂಗ್ ಸುತ್ತಲೂ ಸಮ ಇರ್ಬೇಕಲ್ವಾ. ಈ ಬ್ಯಾಚ್ ಬದಲಾಯಿಸಿ ಕೊಡಿ, ತುಮಕೂರು ಡೀಲರ್ ಹತ್ರ ಉಳಿದಿರೋದನ್ನೂ ಮೊದಲು ವಾಪಸ್ ತರಿಸ್ಕೊಳ್ಳಿ, ಯಾಕಂದ್ರೆ ಹೊಸ ಹುಡುಗರು ತಮ್ಮ ಕೈ ಸರಿ ಇಲ್ಲ ಅಂದ್ಕೊಂಡು ಇದನ್ನೇ ಹೊಡೀತಾ ಇರ್ತಾರೆ. ನಿಮ್ಮ ಟೆಕ್ನಿಕಲ್‌ನವರನ್ನ ಶಾಪಿಗೆ ಕಳ್ಸಿ, ಅವರ ಮುಂದೇನೇ ಹೊಡೆದು ತೋರಿಸ್ತೀವಿ. ಓರೆ ಉರಿದ ತುಂಡುಗಳು, ಬ್ಯಾಚ್ ನಂಬರ್, ಬಿಲ್ಲು, ಎಲ್ಲದರ ಫೋಟೋ ಜೊತೆಗಿದೆ.