ಚಪಲ್‌ಗೆ ಸಾಲ ತಂದ ಯುದ್ಧ ಬೇಡ: ಉತ್ತರ ಕನ್ನಡ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ, ನಮಸ್ಕಾರ.

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ನಿಂತಿರುವ ನಿವೃತ್ತ ಯುದ್ಧನೌಕೆ ಐಎನ್‌ಎಸ್ ಚಪಲ್ ಬಗ್ಗೆ ಈ ಪತ್ರ. ಮೊದಲು ನನ್ನ ತಪ್ಪನ್ನೇ ಒಪ್ಪಿಕೊಳ್ಳುತ್ತೇನೆ. ಮನೆಗೆ ಬಂದ ನೆಂಟರನ್ನೆಲ್ಲ ಆ ಹಡಗಿನ ಹತ್ತಿರ ಕರೆದುಕೊಂಡು ಹೋಗಿ, "1971ರಲ್ಲಿ ಕರಾಚಿಗೆ ಬೆಂಕಿ ಇಟ್ಟಿದ್ದು ಇದೇ" ಅಂತ ವರ್ಷಗಟ್ಟಲೆ ಹೇಳಿದವನು ನಾನು. ಯಾರೋ ಹೇಳಿದ್ದನ್ನು ಕೇಳಿದ್ದೆ. ನಾನೂ ಹೇಳಿದೆ, ಸ್ವಲ್ಪ ಉಪ್ಪು ಖಾರ ಸೇರಿಸಿಯೇ.

ಕಳೆದ ಬೇಸಿಗೆ ರಜೆಗೆ ಶಿರಸಿಯಿಂದ ತಂಗಿಯ ಮಗ ಬಂದಿದ್ದ. ಎಂಟನೇ ಕ್ಲಾಸು. ನಾನು ಕರಾಚಿ ಬಂದರನ್ನು ಇನ್ನೇನು ಉರಿಸಬೇಕು, ಅಷ್ಟರಲ್ಲಿ ಅವನು ಮೊಬೈಲ್ ನೋಡಿ ಕೇಳಿದ: "ಮಾವ, ಇದು ನೌಕಾಪಡೆಗೆ ಸೇರಿದ್ದೇ 1976ರಲ್ಲಂತೆ. ಹುಟ್ಟೋಕೆ ಮುಂಚೆ ಯುದ್ಧಕ್ಕೆ ಹೋಗಿತ್ತಾ?" ಪಕ್ಕದಲ್ಲಿ ಚುರುಮುರಿ ತಿನ್ನುತ್ತಿದ್ದವರೂ ನಕ್ಕರು.

ಹುಡುಗ ಹೇಳಿದ್ದು ಸರಿ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿ ಕಡೆ ಹೋಗಿ ಕ್ಷಿಪಣಿ ಹಾರಿಸಿದ್ದು ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಪುಟ್ಟ ನೌಕೆಗಳು. ಪಾಕಿಸ್ತಾನದ ಯುದ್ಧನೌಕೆಗಳಾದ ಖೈಬರ್, ಮುಹಾಫಿಜ್ ಮುಳುಗಿದ್ದು ಅವತ್ತೇ. ನಾಲ್ಕು ದಿನ ಬಿಟ್ಟು ಮತ್ತೆ ಹೋಗಿ ಹೊಡೆದದ್ದು ವಿನಾಶ್. ಅವೂ ಚಪಲ್ಲೂ ಸೋವಿಯತ್ ದೇಶದಲ್ಲಿ ಕಟ್ಟಿದವು, ನೋಡೋಕೆ ಅಣ್ಣತಮ್ಮಂದಿರ ಹಾಗೆ. ಗೊಂದಲ ಅಲ್ಲೇ ಹುಟ್ಟಿರಬೇಕು. ಆದರೆ ಒಮ್ಮೆ ಹತ್ತಿರ ನಿಂತು ನೋಡಿ. ಚಪಲ್ ಮೇಲೆ ಆ ಬದಿಗೆ ಎರಡು, ಈ ಬದಿಗೆ ಎರಡು ಕ್ಷಿಪಣಿ ಕೊಳವೆಗಳಿವೆ. ದುಂಡಗೆ, ಡ್ರಮ್ಮುಗಳನ್ನು ಉದ್ದಕ್ಕೆ ಮಲಗಿಸಿ ಜೋಡಿಸಿದ ಹಾಗೆ. 1971ರ ನೌಕೆಗಳ ಫೋಟೊದಲ್ಲಿ ಅದೇ ಜಾಗದಲ್ಲಿ ದೊಡ್ಡ ದೊಡ್ಡ ಪೆಟ್ಟಿಗೆಗಳು ಕಾಣುತ್ತವೆ. ಪುಸ್ತಕ ಓದಬೇಕಾಗಿಲ್ಲ, ಕಣ್ಣಿಗೇ ಗೊತ್ತಾಗುತ್ತದೆ.

ಇದನ್ನು ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಬರೆದೆ. "ಸುಮ್ನೆ ಇರಿ, ಸೇನೆಗೆ ಅವಮಾನ ಮಾಡಬೇಡಿ" ಅಂತ ಒಬ್ಬರು ಬೈದರು. ನನಗೆ ಉಲ್ಟಾ ಅನಿಸುತ್ತದೆ. ಆ ರಾತ್ರಿ ಹೊರಟವರಿಗೆ ವಾಪಸ್ ಬರುವ ಖಾತ್ರಿ ಏನಿತ್ತು? ಅವರ ದುಡಿಮೆಯನ್ನು ಬೇರೆ ಹಡಗಿನ ಖಾತೆಗೆ ಜಮಾ ಮಾಡುವುದು ಯಾವ ಸೀಮೆಯ ದೇಶಭಕ್ತಿ?

ಚಪಲ್‌ಗಾದರೂ ಈ ಸಾಲ ಯಾಕೆ? 2005ರಲ್ಲಿ ನಿವೃತ್ತಿ ಆಗುವವರೆಗೆ ಅದು ಸುಮ್ಮನೆ ಕೂತಿರಲಿಲ್ಲ. ಉದ್ದ ನೋಡಿದರೆ 40 ಮೀಟರ್ ಕೂಡ ಇಲ್ಲ. ಆ ಕಬ್ಬಿಣದ ಗೂಡಿನಲ್ಲಿ ಸುಮಾರು 30 ಜನ, ಎಂಜಿನ್ ಸದ್ದು, ಡೀಸೆಲ್ ವಾಸನೆ, ಮೇಲೆ ಅರಬ್ಬಿ ಸಮುದ್ರದ ಸೆಕೆ. ಮಿಲಿಟರಿ ಬದುಕು ಅಂದರೆ ಜಾಸ್ತಿ ಭಾಗ ಇದೇ ಅಲ್ವಾ, ಕಾಯುವುದು? ನಮ್ಮ ಕರಾವಳಿಯಿಂದ ನೌಕಾಪಡೆಗೆ ಹೋದ ಹುಡುಗರು ರಜೆಗೆ ಬಂದಾಗ ಮಾತಾಡಿಸಿ ನೋಡಿ. ಗುಂಡಿನ ಕಥೆ ಕಮ್ಮಿ. ಪಾಳಿ, ಬಣ್ಣ ಬಳಿಯುವ ಕೆಲಸ, ಮಂಜೂರಾಗದ ರಜೆ, ಇವೇ ಜಾಸ್ತಿ.

ಸಾಹಸದ ಕಥೆಯೇ ಬೇಕಿದ್ದರೆ ಅದೇ ತೀರದಲ್ಲಿ ಮೇಜರ್ ರಾಮ ರಾಘೋಬಾ ರಾಣೆ ಅವರ ಪ್ರತಿಮೆ ಇದೆ. ಇಲ್ಲೇ ಚೆಂಡಿಯೆಯವರು. 1948ರ ಏಪ್ರಿಲ್‌ನಲ್ಲಿ ಜಮ್ಮು-ಕಾಶ್ಮೀರದ ನೌಶೇರಾದಿಂದ ರಜೌರಿಗೆ ನಮ್ಮ ಟ್ಯಾಂಕುಗಳು ಹೋಗಬೇಕಿತ್ತು. ದಾರಿಯಲ್ಲಿ ನೆಲಬಾಂಬು, ಕಡಿದು ಅಡ್ಡ ಕೆಡವಿದ ಮರ. ಮೊದಲ ದಿನವೇ ಗಾಯವಾದರೂ ರಾಣೆ 8ರಿಂದ 11ನೇ ತಾರೀಕಿನವರೆಗೆ ಶತ್ರುಗಳ ಗುಂಡಿನ ಎದುರೇ ಒಂದೊಂದನ್ನೂ ತೆಗೆಸಿ ದಾರಿ ಬಿಡಿಸಿಕೊಟ್ಟರು. ಅದಕ್ಕೆ ಪರಮವೀರ ಚಕ್ರ. ಜನ ಆ ಪ್ರತಿಮೆ ಮುಂದೆ ಒಂದು ಸೆಲ್ಫಿ ತೆಗೆದು ಹಡಗಿನ ಕಡೆ ನಡೆಯುತ್ತಾರೆ, ಕರಾಚಿ ಕಥೆ ಕೇಳೋಕೆ.

ನಾನು ಕೇಳುವುದು ಒಂದು ಫಲಕ. ದೂರದಿಂದಲೇ ಓದಲು ಬರುವಂತೆ, ದೊಡ್ಡ ಕನ್ನಡ ಅಕ್ಷರದಲ್ಲಿ. ತಗಡು ಬೇಡ, ನಮ್ಮ ಉಪ್ಪುಗಾಳಿಗೆ ನಾಲ್ಕು ಮಳೆಗಾಲವೂ ಬಾಳುವುದಿಲ್ಲ. ಕಲ್ಲಿನಲ್ಲೇ ಕೆತ್ತಿಸಿ. ತಪ್ಪು ಯಾರದ್ದು ಅಂತ ಹುಡುಕುವುದೂ ಬೇಡ. ಹುಡುಕಿದರೆ ಪಟ್ಟಿಯಲ್ಲಿ ಮೊದಲು ನಾನೇ ಸಿಗುತ್ತೇನೆ. ಒಕ್ಕಣೆ ಹೀಗಿದ್ದರೆ ಸಾಕು:

"ಈ ಹಡಗು ಚಪಲ್. 1976ರಲ್ಲಿ ನೌಕಾಪಡೆ ಸೇರಿತು. 1971ರ ಕರಾಚಿ ದಾಳಿಯಲ್ಲಿ ಇದು ಇರಲಿಲ್ಲ. ಅಲ್ಲಿಗೆ ಹೋದದ್ದು ಇದಕ್ಕಿಂತ ಹಿರಿಯ ನೌಕೆಗಳಾದ ನಿಪಾತ್, ನಿರ್ಘಾತ್, ವೀರ್, ವಿನಾಶ್. ಇದು 2005ರವರೆಗೆ ಕಡಲು ಕಾಯಿತು."

ಇಂತಿ,
ಕಾರವಾರದ ಒಬ್ಬ ನಿವಾಸಿ