ಫಿಲ್ ಕಾಟ್ಜ್ ತೆರೆದಿಟ್ಟ ಕಡತ

ಮಾನ್ಯ ಸಂಪಾದಕರೇ,

ಏಪ್ರಿಲ್ 14 ಫಿಲ್ ಕಾಟ್ಜ್ ತೀರಿಕೊಂಡ ದಿನ. ಮಾಹಿತಿಯನ್ನು ಕುಗ್ಗಿಸಿ ಒಂದೆಡೆ ಕಟ್ಟಿಡುವ ಜಿಪ್ ಕಡತಗಳನ್ನು ಜಗತ್ತಿಗೆ ಕೊಟ್ಟ ಈ ಅಮೆರಿಕನ್ ತಂತ್ರಾಂಶ ತಜ್ಞರು 2000ನೇ ಇಸವಿಯಲ್ಲಿ, ಮಿಲ್ವಾಕೀ ನಗರದ ಮೋಟೆಲ್ ಕೋಣೆಯೊಂದರಲ್ಲಿ, ಮದ್ಯವ್ಯಸನ ತಂದ ಕಾಯಿಲೆಯಿಂದ 37ನೆಯ ವಯಸ್ಸಿಗೇ ಕೊನೆಯುಸಿರೆಳೆದರು. ಅವರ ಹೆಸರು ಬಂದಾಗಲೆಲ್ಲ ಆ ಸಾವಿನ ಸಂಗತಿಯೇ ಮುಂದಾಗುವುದು ನನಗೆ ನೋವಿನ ವಿಷಯ. ನೆನೆಯಬೇಕಾದದ್ದು 1989ರಲ್ಲಿ ಅವರು ಕೈಗೊಂಡ ತೀರ್ಮಾನವನ್ನು.

ಅದರ ಹಿಂದಿನ ವರ್ಷವಷ್ಟೇ, ‘ಆರ್ಕ್’ ಎಂಬ ಸಂಕುಚನ ತಂತ್ರಾಂಶದ ಒಡೆಯರು ಅವರ ಮೇಲೆ ಕೃತಿಸ್ವಾಮ್ಯದ ದಾವೆ ಹೂಡಿ, ಕಾಟ್ಜ್ ಹಣ ತೆತ್ತು ರಾಜಿಯಾಗಬೇಕಾಯಿತು. ಆ ಆರೋಪದಲ್ಲಿ ಹುರುಳಿತ್ತು ಎಂಬುದನ್ನೂ ಹೇಳಲೇಬೇಕು. ಅಂಥ ಪೆಟ್ಟು ತಿಂದವರು ತಮ್ಮ ಹೊಸ ಸೃಷ್ಟಿಯನ್ನು ಬೀಗ ಹಾಕಿ ಕಾಯುವುದು ಸಹಜ. ಕಾಟ್ಜ್ ಮಾತ್ರ ಜಿಪ್ ಕಡತದ ಒಳರಚನೆಯನ್ನು ವಿವರವಾಗಿ ಬರೆದು, ‘ಆಪ್‌ನೋಟ್’ ಎಂಬ ಟಿಪ್ಪಣಿಯಾಗಿ ಪ್ರಕಟಿಸಿ, ಯಾರು ಬೇಕಾದರೂ ಅದನ್ನು ಓದುವ, ಬರೆಯುವ ತಂತ್ರಾಂಶ ರಚಿಸಬಹುದೆಂದು ಸಾರಿದರು.

ಜಿಪ್ ಕಡತ ರಚಿಸುವ ಅವರ ತಂತ್ರಾಂಶ ಪಿಕೆಜಿಪ್‌ನ 1993ರ ಆವೃತ್ತಿಯಲ್ಲಿ ಬಂದ ‘ಡಿಫ್ಲೇಟ್’ ಎಂಬ ಸಂಕುಚನ ವಿಧಾನವೂ ಹಾಗೆಯೇ ಎಲ್ಲರದಾಯಿತು. ಒಮ್ಮೆ ಬಂದ ಅಕ್ಷರಗುಚ್ಛ ಮತ್ತೆ ಬಂದರೆ ಅದನ್ನು ಪುನಃ ಬರೆಯದೆ ‘ಇಷ್ಟು ಹಿಂದೆ ಹೋಗಿ ಇಷ್ಟನ್ನು ನಕಲಿಸು’ ಎಂಬ ಸೂಚನೆಯನ್ನಷ್ಟೇ ಇಡುವುದು ಗಣಕವಿಜ್ಞಾನಿಗಳಾದ ಲೆಂಪೆಲ್ ಮತ್ತು ಜಿವ್ 1977ರಲ್ಲಿ ತೋರಿಸಿದ ದಾರಿ. ಹೆಚ್ಚು ಬಳಕೆಯಾಗುವ ಸಂಕೇತಗಳಿಗೆ ಚಿಕ್ಕ ರೂಪ ಕೊಡುವುದು 1952ರ ಹಫ್‌ಮನ್ ಉಪಾಯ. ಇವೆರಡನ್ನೂ ಬೆಸೆದ ಡಿಫ್ಲೇಟ್ ಇಂದು ಪಿಎನ್‌ಜಿ ಚಿತ್ರಗಳಲ್ಲಿದೆ, ಜಾಲಪುಟಗಳ ಸಾಗಾಟದಲ್ಲಿದೆ. ವರ್ಡ್ ದಾಖಲೆಯನ್ನಾಗಲಿ ಆಂಡ್ರಾಯ್ಡ್ ಆ್ಯಪ್‌ನ ಕಡತವನ್ನಾಗಲಿ ಬಿಚ್ಚಿ ನೋಡಿದರೆ ಒಳಗಿರುವುದು ಜಿಪ್, ಮೊದಲಿಗೆ ಕಾಣುವುದು ‘ಪಿಕೆ’ ಎಂಬ ಅವರದೇ ಹೆಸರಿನ ಮೊದಲಕ್ಷರಗಳು.

ಈ ತೆರೆದ ಮನಸ್ಸಿನ ಬೆಲೆ ನನಗೆ ಅರಿವಾದದ್ದು ಕನ್ನಡದ ಕಾರಣದಿಂದ. ತೊಂಬತ್ತರ ದಶಕದಲ್ಲಿ ನಾನು ಬರೆದ ಪಾಠಟಿಪ್ಪಣಿಗಳನ್ನು ಜಿಪ್ ಮಾಡಿ ಫ್ಲಾಪಿಯಲ್ಲಿಟ್ಟಿದ್ದೆ. ವರ್ಷಗಳ ನಂತರ ಹೊಸ ಕಂಪ್ಯೂಟರಿನಲ್ಲಿ ಜಿಪ್ ತಕರಾರಿಲ್ಲದೆ ತೆರೆದುಕೊಂಡಿತು. ಒಳಗಿನ ಕನ್ನಡ ಮಾತ್ರ, ಅದನ್ನು ಬರೆದಿದ್ದ ಫಾಂಟಿನ ಸಂಕೇತವಿನ್ಯಾಸವನ್ನು (ಯಾವ ಅಕ್ಷರಕ್ಕೆ ಯಾವ ಸಂಕೇತ ಎಂಬುದನ್ನು) ತಯಾರಕರು ಎಲ್ಲೂ ಪ್ರಕಟಿಸಿರದ ಕಾರಣ, ಅರ್ಥವಿಲ್ಲದ ಗುರುತುಗಳ ಸಾಲಾಗಿ ಕಂಡಿತು. ಮುದ್ರಿಸಿಟ್ಟಿದ್ದ ಹಳೆಯ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಇಪ್ಪತ್ತೆರಡು ಪುಟಗಳನ್ನೂ, ಎಲ್ಲರಿಗೂ ತೆರೆದಿರುವ ಸಂಕೇತವಿನ್ಯಾಸವಾದ ಯೂನಿಕೋಡ್‌ನಲ್ಲಿ ಮತ್ತೆ ಬೆರಳಚ್ಚು ಮಾಡಿದೆ.

– ನಿವೃತ್ತ ಉಪನ್ಯಾಸಕ, ಶಿವಮೊಗ್ಗ