ಉದ್ರಿ ಕೊಟ್ಟವರಿಗೊಂದು ನಮಸ್ಕಾರ

ಬಾಗಲಕೋಟೆ ಜಿಲ್ಲೆಯ ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳಲ್ಲಿ ಹರಡಿರುವ, 2016ರಲ್ಲಿ ಘೋಷಣೆಯಾದ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮದ ಅಂಚಿನ ಹಳ್ಳಿಗಳಲ್ಲಿ ಚಿಂಕಾರ ಎಂಬ ಸಣ್ಣ ಹುಲ್ಲೆಯ ರಕ್ಷಣೆಗೆಂದು ನಾವು ಕೆಲವರು ಮಾಡುತ್ತಿದ್ದ ಕೆಲಸದ ಎರಡು ವರ್ಷಗಳ ಅನುದಾನದ ಅವಧಿ ಕಳೆದ ತಿಂಗಳು ಮುಗಿಯಿತು. ಅದಕ್ಕೊಂದು ಸಣ್ಣ ಪ್ರಶಸ್ತಿಯೂ ಬಂದಿದೆ. ಅಭಿನಂದಿಸುವವರೆಲ್ಲ ನನ್ನ ಹೆಸರನ್ನೇ ಹೇಳುತ್ತಿರುವುದರಿಂದ, ನಿಜವಾದ ಋಣ ಯಾರದೆಂದು ಬರೆದಿಡಬೇಕಾಗಿದೆ.

ಹುಲಿ, ಆನೆ ಇಲ್ಲದ ಸೀಮೆಗೆ ದುಡ್ಡು ತರುವುದು ಸುಲಭವಲ್ಲ. 2013ರ ಕಂಪನಿ ಕಾಯ್ದೆಯ ಪ್ರಕಾರ ನಿಗದಿತ ಮಟ್ಟ ಮೀರಿದ ಕಂಪನಿಗಳು ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಾಮಾಜಿಕ ಕೆಲಸಗಳಿಗೆ ವೆಚ್ಚ ಮಾಡಬೇಕು. ಆ ಪಟ್ಟಿಯಲ್ಲಿ ಪ್ರಾಣಿ, ಸಸ್ಯಗಳ ರಕ್ಷಣೆಯೂ ಇದೆ. ಆ ಧೈರ್ಯದ ಮೇಲೆ ಬಾಗಿಲು ತಟ್ಟಿದಾಗ, “ಚಿಂಕಾರ ಅಂದ್ರ ಚಿಗರಿ ಏನ್ರಿ?” ಎಂದು ಕೇಳಿ ಚಹಾ ಕುಡಿಸಿ ಕಳಿಸಿದವರೇ ಹೆಚ್ಚು. ಚಹಾ ಮಾತ್ರ ಚೆನ್ನಾಗಿತ್ತು.

ಕೊನೆಗೆ ಕೈಹಿಡಿದ ದಾನಿಸಂಸ್ಥೆಗೆ ನಮ್ಮ ಮನಃಪೂರ್ವಕ ಕೃತಜ್ಞತೆಗಳು. ಆದರೆ ಎರಡನೇ ಕಂತು ಐದು ತಿಂಗಳು ತಡವಾಯಿತು. ಚಿಂಕಾರವೇನೋ ಸೊಪ್ಪಿನ ತೇವ, ಇಬ್ಬನಿಗಳಲ್ಲೇ ನೀರಿನ ಕೊರತೆ ನೀಗಿಸಿಕೊಂಡು ದಿನಗಟ್ಟಲೆ ಬದುಕುತ್ತದೆ. ನಮ್ಮೊಂದಿಗೆ ತಿರುಗುತ್ತಿದ್ದ ಹುಡುಗರು ಪಗಾರವಿಲ್ಲದೆ ಹಾಗೆ ಬದುಕಲಾರರು. ಆ ಐದು ತಿಂಗಳು ಅವರ ಮನೆಗಳಿಗೆ ಜೋಳ, ಬೇಳೆ, ಎಣ್ಣೆಯನ್ನು ಉದ್ರಿ ಕೊಟ್ಟ ಕಿರಾಣಿ ಅಂಗಡಿಯವರನ್ನೂ, ಒಂದು ರೂಪಾಯಿ ಪಡೆಯದೆ ಅನುದಾನ ಖರ್ಚಾದ ಲೆಕ್ಕ ತೋರಿಸುವ ಬಳಕೆ ಪ್ರಮಾಣಪತ್ರಗಳನ್ನು ಸಿದ್ಧಪಡಿಸಿಕೊಟ್ಟ ನಿವೃತ್ತ ಗುಮಾಸ್ತರನ್ನೂ ನಾವು ಮರೆಯಲಾರೆವು.

ಎಲ್ಲಕ್ಕಿಂತ ದೊಡ್ಡ ಋಣ ಕುರಿಗಾಹಿಗಳದು. ಚಿಂಕಾರಗಳನ್ನು ಬೆನ್ನಟ್ಟುವ ನಾಯಿಗಳನ್ನು ಕಟ್ಟಿಹಾಕಿ ಎಂದು ನಾವು ಬೋಧಿಸಲು ಹೋದಾಗ ಹಿರಿಯರೊಬ್ಬರು, “ತ್ವಾಳ ಬಂದ್ರ ನೀವು ಬೊಗಳತೀರೇನು?” ಎಂದು ಕೇಳಿದ್ದರು. ನಮ್ಮ ಬಳಿ ಉತ್ತರವಿರಲಿಲ್ಲ. ವಾರದ ನಂತರ ಅವರೇ ತಮ್ಮ ನಾಯಿಯ ಕೊರಳಿಗೆ ಮೊಣಕಾಲಿನ ಮಟ್ಟಕ್ಕೆ ಜಾಲಿಯ ಕೊರಡೊಂದನ್ನು ತೂಗುಬಿಟ್ಟಿದ್ದರು: ನಾಯಿ ನಡೆಯಬಲ್ಲದು, ಬೊಗಳಬಲ್ಲದು, ಓಡಲು ಹೋದರೆ ಕೊರಡು ಮುಂಗಾಲಿಗೆ ಬಡಿಯುತ್ತದೆ. ಉಳಿದ ಹಟ್ಟಿಗಳವರೂ ನೋಡಿ ಕಟ್ಟಿದರು. ಚರ್ಮದ ಪಟ್ಟಿಗಳಿಗೆಂದು ಅಂದಾಜುಪಟ್ಟಿಯಲ್ಲಿ ಇಟ್ಟಿದ್ದ ಹಣ ಹಾಗೆಯೇ ಉಳಿಯಿತು; ಏಕೆ ಉಳಿಯಿತೆಂದು ದಾನಿಗಳು ಕೇಳಿದ್ದಕ್ಕೆ ಆ ಕೊರಡಿನ ಫೋಟೊ ಕಳಿಸಿದೆವು.

ಪ್ರಶಸ್ತಿಯ ಹಣದಲ್ಲಿ ಮೊದಲು ತೀರಿದ್ದು ಅಂಗಡಿಯ ಬಾಕಿ. ಉದ್ರಿ ವಹಿಯ ನಮ್ಮ ಪುಟಕ್ಕೆ ಅವರು ಕಳೆದ ಸೋಮವಾರ ಅಡ್ಡಗೆರೆ ಎಳೆದರು.